ಋತುಬಂಧದ ತೊಂದರೆಗಳು: ಚಿಕಿತ್ಸೆಯ ಆಯ್ಕೆ ಮತ್ತು ವಿಮೆಯ ತಕರಾರು

ಪ್ರಶ್ನೆ: ನನಗೆ 49 ವರ್ಷ. ಕೊನೆಯ ಸಲ ಮುಟ್ಟಾಗಿ ಎಂಟು ತಿಂಗಳಾಯಿತು. ರಾತ್ರಿ ನಾಲ್ಕೈದು ಸಲ ಮೈಯೆಲ್ಲ ಬಿಸಿಯೇರಿ, ಬೆವರಿ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಹತ್ತುವುದಿಲ್ಲ. ಕೀಲುನೋವು, ಸಿಡುಕು, ಮರೆವು ಇವೆ. ಯೋನಿ ಒಣಗಿದಂತಾಗಿದೆ, ಮೂತ್ರ ಮಾಡುವಾಗ ಉರಿಯುತ್ತದೆ. ರಕ್ತದೊತ್ತಡ ಮಾತ್ರೆಯಿಂದ ಹತೋಟಿಯಲ್ಲಿದೆ. ವೈದ್ಯರು ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಮತ್ತು ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ದೊಡ್ಡಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಸ್ತನ ಕ್ಯಾನ್ಸರ್ ಬಂದಿದ್ದರಿಂದ ನನಗೆ ಭಯ. ಸಮಾಲೋಚನೆ, ಹಾರ್ಮೋನ್ ರಕ್ತಪರೀಕ್ಷೆ, ಮೂಳೆ ಸಾಂದ್ರತೆಯ ಸ್ಕ್ಯಾನ್ ಮತ್ತು ಔಷಧಕ್ಕೆ ಸಲ್ಲಿಸಿದ ಕ್ಲೇಮನ್ನು ವಿಮಾ ಕಂಪನಿ 'ವಯೋಸಹಜ ಬದಲಾವಣೆ, ಕಾಯಿಲೆಯಲ್ಲ' ಎಂದು ತಿರಸ್ಕರಿಸಿದೆ. ಬೇರೆ ಪಾಲಿಸಿ ಕೊಳ್ಳುವಾಗ ಇದನ್ನೆಲ್ಲ ಹೇಳಬೇಕೆ? ಗರ್ಭಕೋಶವನ್ನೇ ತೆಗೆಸಿದರೆ ವಿಮೆಯೂ ಸಿಗುತ್ತದೆ, ಕಾಟವೂ ತಪ್ಪುತ್ತದೆ ಎನ್ನುವವರಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪಿದರೆ ತಿದ್ದಿಕೊಳ್ಳುವ ದಾರಿ ಇಲ್ಲ. ಗರ್ಭಕೋಶ ತೆಗೆಸುವುದರಿಂದ ಮೈ ಬಿಸಿಯೇರುವುದು ನಿಲ್ಲುವುದಿಲ್ಲ. ಆ ತೊಂದರೆಗೆ ಕಾರಣ ಅಂಡಾಶಯಗಳಿಂದ ಬರುವ ಈಸ್ಟ್ರೋಜನ್ ಕಡಿಮೆಯಾಗುವುದು ಮತ್ತು ಮೆದುಳು ಆ ಕೊರತೆಗೆ ಸ್ಪಂದಿಸುವ ರೀತಿ. ಗರ್ಭಕೋಶಕ್ಕೆ ಅದರಲ್ಲಿ ಪಾತ್ರವೇ ಇಲ್ಲ. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರಂತೂ ವರ್ಷಗಟ್ಟಲೆ ನಿಧಾನವಾಗಿ ಇಳಿಯಬೇಕಾದ ಹಾರ್ಮೋನ್ ಒಂದೇ ದಿನದಲ್ಲಿ ಕುಸಿದು, ಈಗಿರುವ ತೊಂದರೆ ಇನ್ನಷ್ಟು ಉಗ್ರವಾಗುವ ಸಾಧ್ಯತೆಯೇ ಹೆಚ್ಚು. ದೊಡ್ಡ ಗಡ್ಡೆ, ಔಷಧಕ್ಕೆ ಬಗ್ಗದ ರಕ್ತಸ್ರಾವ, ಗರ್ಭಕೋಶ ಜಾರುವುದು, ಕ್ಯಾನ್ಸರ್ ಅಥವಾ ಅದರ ಮುನ್ಸ್ಥಿತಿ: ಇಂಥ ಕಾರಣಗಳಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬೇರೆ. ನೀವು ಬರೆದುದರಲ್ಲಿ ಅವು ಯಾವುವೂ ಕಾಣುವುದಿಲ್ಲ. ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವ ವಿಮೆ, ಜೆಲ್ ಮತ್ತು ಕ್ಯಾಪ್ಸೂಲಿಗೆ ಕಾಸು ಕೊಡದೆ ದೊಡ್ಡ ಶಸ್ತ್ರಚಿಕಿತ್ಸೆಗೆ ಮಾತ್ರ ಕೊಡುತ್ತದೆ ಎಂಬುದು ನಿಜ. ಅದು ವಿಮೆಯ ರಚನೆಯಲ್ಲಿರುವ ದೋಷವೇ ಹೊರತು ನಿಮ್ಮ ದೇಹಕ್ಕೆ ಏನು ಬೇಕು ಎಂಬುದರ ಸೂಚನೆಯಲ್ಲ.

ಇನ್ನು ರೋಗನಿರ್ಣಯ. ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮಾತ್ರ ಋತುಬಂಧ ಆಗಿದೆ ಎನ್ನುತ್ತೇವೆ. ನಿಮಗೆ ಎಂಟು ತಿಂಗಳಾಗಿರುವುದರಿಂದ ವೈದ್ಯಕೀಯವಾಗಿ ನೀವಿನ್ನೂ ಋತುಬಂಧದ ಹೊಸ್ತಿಲಲ್ಲಿದ್ದೀರಿ, ಮತ್ತು ಈ ವ್ಯತ್ಯಾಸಕ್ಕೆ ಎರಡು ಪರಿಣಾಮಗಳಿವೆ. ಒಂದು, ಅಂಡೋತ್ಪತ್ತಿ ಅಪರೂಪಕ್ಕಾದರೂ ಆಗಬಹುದು. ಐವತ್ತರೊಳಗಿನವರು ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತು ದಾಟಿದವರು ಒಂದು ವರ್ಷ ಗರ್ಭನಿರೋಧಕ ಬಳಸಬೇಕೆಂಬುದು ಸಾಮಾನ್ಯ ಸಲಹೆ. ಋತುಬಂಧಕ್ಕೆ ಕೊಡುವ ಹಾರ್ಮೋನ್ ಚಿಕಿತ್ಸೆ ಗರ್ಭನಿರೋಧಕವಲ್ಲ. ಎರಡು, ಪ್ರೊಜೆಸ್ಟರಾನ್ ಕ್ಯಾಪ್ಸೂಲನ್ನು ದಿನವೂ ತೆಗೆದುಕೊಳ್ಳಬೇಕೇ, ತಿಂಗಳಿಗೆ ಹನ್ನೆರಡರಿಂದ ಹದಿನಾಲ್ಕು ದಿನ ಮಾತ್ರವೇ ಎಂಬುದು ಇದರ ಮೇಲೆ ನಿಲ್ಲುತ್ತದೆ. ಹೊಸ್ತಿಲಲ್ಲಿ ಇರುವವರಿಗೆ ಸಾಮಾನ್ಯವಾಗಿ ಎರಡನೆಯ ಕ್ರಮ ಹೊಂದುತ್ತದೆ. ಆಗ ತಿಂಗಳಿಗೊಮ್ಮೆ ಸ್ವಲ್ಪ ಸ್ರಾವ ಆಗುವುದು ನಿರೀಕ್ಷಿತ.

ನಲವತ್ತೈದು ದಾಟಿದ ಮಹಿಳೆಯಲ್ಲಿ ಮುಟ್ಟು ಏರುಪೇರಾಗಿ, ಮೈ ಬಿಸಿಯೇರುವ ಲಕ್ಷಣ ಸ್ಪಷ್ಟವಾಗಿದ್ದರೆ ಋತುಬಂಧವನ್ನು ಖಚಿತಪಡಿಸಲು ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ಮುಂತಾದ ಹಾರ್ಮೋನ್ ಪರೀಕ್ಷೆ ಬೇಕಾಗುವುದಿಲ್ಲ. ಈ ಹಂತದಲ್ಲಿ ಆ ಅಂಕಿ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ನಲವತ್ತರೊಳಗೆ ಮುಟ್ಟು ನಿಂತವರಲ್ಲಿ ಅದು ಅಗತ್ಯ, ನಲವತ್ತರಿಂದ ನಲವತ್ತೈದರೊಳಗಿನವರಲ್ಲಿ ಹಲವೊಮ್ಮೆ ಉಪಯುಕ್ತ. ಅದಕ್ಕಿಂತ ನಿಮಗೆ ಮುಖ್ಯವಾದದ್ದು ಥೈರಾಯ್ಡ್ ಪರೀಕ್ಷೆ, ರಕ್ತಹೀನತೆ ಮತ್ತು ಸಕ್ಕರೆಯ ಪರೀಕ್ಷೆ, ಜೊತೆಗೆ ನೀವು ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯ ಪರಿಶೀಲನೆ. ಥೈರಾಯ್ಡ್ ಹೆಚ್ಚಾದರೂ ಬೆವರು, ಎದೆಬಡಿತ, ನಿದ್ರಾಹೀನತೆ, ಸಿಡುಕು ಬರುತ್ತವೆ. ರಾತ್ರಿ ಬೆವರಿನ ಜೊತೆ ತೂಕ ಇಳಿಯುತ್ತಿದ್ದರೆ, ಜ್ವರ ಅಥವಾ ಗಂಟುಗಳಿದ್ದರೆ ಅದನ್ನು ಋತುಬಂಧದ ಲೆಕ್ಕಕ್ಕೆ ಬರೆಯಲೇಬಾರದು.

ಮೈ ಬಿಸಿಯೇರುವುದು ಮನಸ್ಸಿನ ಭ್ರಮೆಯಲ್ಲ. ಮೆದುಳಿನ ಹೈಪೊಥಾಲಮಸ್ ಭಾಗದಲ್ಲಿ ದೇಹದ ತಾಪವನ್ನು ಕಾಯುವ ವ್ಯವಸ್ಥೆಯ ಪಕ್ಕದಲ್ಲೇ ಈಸ್ಟ್ರೋಜನ್ ಹತೋಟಿಯಲ್ಲಿಡುವ ಕೆಲವು ನರಕೋಶಗಳಿವೆ. ಈಸ್ಟ್ರೋಜನ್ ಇಳಿದಾಗ ಅವು ಅತಿಯಾಗಿ ಚುರುಕಾಗಿ, ನ್ಯೂರೊಕೈನಿನ್ ಬಿ ಎಂಬ ಸಂದೇಶವಾಹಕದ ಮೂಲಕ ತಾಪದ ವ್ಯವಸ್ಥೆಯನ್ನು ಕೆಣಕುತ್ತವೆ. ತೀರ ಸಣ್ಣ ತಾಪವ್ಯತ್ಯಾಸವನ್ನೂ ಮೆದುಳು ಅಪಾಯವೆಂದು ಭಾವಿಸಿ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಸುತ್ತದೆ. ಇದು ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ ಎಂಬ ಸಮಾಧಾನದ ಮಾತೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅಧ್ಯಯನದ 2015ರ ವರದಿಯ ಪ್ರಕಾರ, ಪದೇ ಪದೇ ಬಿಸಿಯೇರುವ ತೊಂದರೆ ಇದ್ದವರಲ್ಲಿ ಅದರ ಮಧ್ಯಮ ಅವಧಿ 7.4 ವರ್ಷ, ಮುಟ್ಟು ನಿಲ್ಲುವ ಮೊದಲೇ ಶುರುವಾದವರಲ್ಲಿ ಇನ್ನೂ ದೀರ್ಘ. ಆದ್ದರಿಂದ 'ಸಹಿಸಿಕೊಳ್ಳಿ' ಎಂದು ನಿಮಗೆ ಹೇಳಲಾರೆ.

ಹಾರ್ಮೋನ್ ಚಿಕಿತ್ಸೆಯ ಬಗ್ಗೆ ನಿಮಗಿರುವ ಭಯದ ಮೂಲ ಹೆಚ್ಚಿನಂಶ 2002ರಲ್ಲಿದೆ. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಮೆರಿಕನ್ ಪ್ರಯೋಗದ ಒಂದು ಭಾಗವನ್ನು ಆ ವರ್ಷದ ಜುಲೈನಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಆ ಪ್ರಯೋಗದಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63, ಅಂದರೆ ಅವರಲ್ಲಿ ಬಹುಪಾಲು ಮಂದಿಗೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನ್. ಸ್ತನ ಕ್ಯಾನ್ಸರ್‌ನ ಹೆಚ್ಚಳ ವರ್ಷಕ್ಕೆ 10,000 ಮಹಿಳೆಯರಲ್ಲಿ ಸುಮಾರು 8 ಪ್ರಕರಣ. ಗರ್ಭಕೋಶ ತೆಗೆದಿದ್ದು ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. ದೀರ್ಘಕಾಲದ ಅನುಸರಣೆಯಲ್ಲಿ ಕಡಿಮೆಯೇ ಕಂಡಿತು. ಅಪಾಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಎರಡೂ ಹಾರ್ಮೋನ್‌ಗಳನ್ನು ಒಟ್ಟಿಗೆ ಬಳಸಿದಾಗ ಸ್ತನ ಕ್ಯಾನ್ಸರ್ ಅಪಾಯ ತುಸು ಏರುತ್ತದೆ ಮತ್ತು ಬಳಸಿದ ವರ್ಷಗಳ ಜೊತೆ ಅದು ಬೆಳೆಯುತ್ತದೆ. ಆದರೆ ಅರವತ್ತರೊಳಗಿದ್ದು, ಮುಟ್ಟು ನಿಂತು ಹತ್ತು ವರ್ಷದೊಳಗಿದ್ದು, ತೀವ್ರ ತೊಂದರೆ ಇರುವ, ಬೇರೆ ಅಡ್ಡಿ ಇಲ್ಲದ ಮಹಿಳೆಗೆ ಲಾಭ ಅಪಾಯಕ್ಕಿಂತ ಹೆಚ್ಚು ಎಂಬುದು ಇಂದು ಪ್ರಮುಖ ವೈದ್ಯಕೀಯ ಸಂಸ್ಥೆಗಳ ಒಮ್ಮತದ ನಿಲುವು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಈ ಔಷಧಗಳ ಮೇಲೆ ಎರಡು ದಶಕಗಳಿಂದ ಇದ್ದ ಹೃದ್ರೋಗ, ಸ್ತನ ಕ್ಯಾನ್ಸರ್ ಮತ್ತು ಮರೆಗುಳಿ ಕಾಯಿಲೆಯ (ಡಿಮೆನ್ಷಿಯಾ) ಬಗೆಗಿನ, ಲೇಬಲ್‌ನಲ್ಲಿ ಚೌಕಟ್ಟು ಹಾಕಿ ಮುದ್ರಿಸುವ ಎಚ್ಚರಿಕೆಯನ್ನು ತೆಗೆಯಲು ಕ್ರಮ ಕೈಗೊಳ್ಳುವುದಾಗಿ ಪ್ರಕಟಿಸಿತು.

ದೊಡ್ಡಮ್ಮ ಎಂದರೆ ತಾಯಿಯ ಅಕ್ಕ ಎಂದಿಟ್ಟುಕೊಂಡರೆ ಅವರು ಎರಡನೆಯ ಹಂತದ ರಕ್ತಸಂಬಂಧಿ, ಮತ್ತು ಕಾಯಿಲೆ ಬಂದದ್ದು ಎಪ್ಪತ್ತರ ನಂತರ. ಮನೆತನದಲ್ಲಿ ಇದೊಂದೇ ಪ್ರಕರಣವಾಗಿದ್ದರೆ ನಿಮ್ಮ ಅಪಾಯ ಸಾಮಾನ್ಯ ಮಹಿಳೆಯದಕ್ಕಿಂತ ಹೆಚ್ಚೇನೂ ಅಲ್ಲ. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಬಂದಿದ್ದರೆ, ಐವತ್ತರೊಳಗೆ ಬಂದಿದ್ದರೆ, ಎರಡೂ ಸ್ತನಗಳಿಗೆ ಅಥವಾ ಗಂಡಸಿಗೆ ಬಂದಿದ್ದರೆ, ಅಂಡಾಶಯದ ಕ್ಯಾನ್ಸರ್ ಕೂಡ ಇದ್ದರೆ ಮೊದಲು ಆನುವಂಶಿಕ ಸಲಹೆ ಪಡೆಯಬೇಕು. ಹತೋಟಿಯಲ್ಲಿರುವ ರಕ್ತದೊತ್ತಡ ಹಾರ್ಮೋನ್ ಚಿಕಿತ್ಸೆಗೆ ಅಡ್ಡಿಯಲ್ಲ. ನಿಮ್ಮ ವೈದ್ಯರು ಮಾತ್ರೆಯ ಬದಲು ಜೆಲ್ ಆರಿಸಿದ್ದು ಇದೇ ಕಾರಣಕ್ಕೆ ಇರಬೇಕು: ನುಂಗುವ ಈಸ್ಟ್ರೋಜನ್ ಯಕೃತ್ತಿನ ಮೂಲಕ ಹಾದು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತದೆ, ಚರ್ಮದ ಮೂಲಕ ಸೇರುವ ಸಾಮಾನ್ಯ ಪ್ರಮಾಣದ ಈಸ್ಟ್ರೋಜನ್‌ನಲ್ಲಿ ಆ ಹೆಚ್ಚಳ ಕಂಡುಬಂದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ಯೋನಿಸ್ರಾವ ಇರುವವರು, ಹೃದಯಾಘಾತ, ಪಾರ್ಶ್ವವಾಯು ಅಥವಾ ಕಾಲಿನ ರಕ್ತನಾಳದಲ್ಲಿ ಹೆಪ್ಪು ಆಗಿದ್ದವರು, ಯಕೃತ್ತಿನ ಸಕ್ರಿಯ ಕಾಯಿಲೆ ಇರುವವರು ಸಾಮಾನ್ಯವಾಗಿ ಈ ದಾರಿ ಹಿಡಿಯುವಂತಿಲ್ಲ.

ನಿಮಗೆ ಗರ್ಭಕೋಶ ಇರುವುದರಿಂದ ಪ್ರೊಜೆಸ್ಟರಾನ್ ಬಿಡುವಂತಿಲ್ಲ. ಈಸ್ಟ್ರೋಜನ್ ಒಂದನ್ನೇ ಹಚ್ಚುತ್ತಾ ಹೋದರೆ ಗರ್ಭಕೋಶದ ಒಳಪದರ ದಪ್ಪಗಾಗಿ ಕ್ಯಾನ್ಸರಿಗೆ ತಿರುಗಬಹುದು. ಜೆಲ್‌ನಿಂದಲೇ ಗುಣ ಕಂಡಿತೆಂದು ಕ್ಯಾಪ್ಸೂಲ್ ನಿಲ್ಲಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಪ್ಸೂಲ್ ಮಂಪರು ತರುವುದರಿಂದ ಮಲಗುವ ಹೊತ್ತಿಗೆ ತೆಗೆದುಕೊಳ್ಳಬೇಕು, ನಿಮ್ಮ ನಿದ್ರೆಗೂ ಅದು ನೆರವಾಗಬಹುದು. ಕೆಲವು ಬ್ರ್ಯಾಂಡ್‌ಗಳಲ್ಲಿ ಕಡಲೆಕಾಯಿ ಎಣ್ಣೆ ಇರುವುದರಿಂದ ಅಲರ್ಜಿ ಇದ್ದವರು ಲೇಬಲ್ ನೋಡಬೇಕು. ಈಸ್ಟ್ರೋಜನ್ ಚಿಕಿತ್ಸೆಯಿಂದ ಬಿಸಿಯೇರುವ ಸಲಗಳು ಸುಮಾರು ಶೇ. 75ರಷ್ಟು ಇಳಿಯುತ್ತವೆ, ಕೆಲವು ವಾರಗಳಲ್ಲೇ ವ್ಯತ್ಯಾಸ ತಿಳಿಯುತ್ತದೆ, ಪೂರ್ಣ ಫಲ ಕಾಣಲು ಮೂರು ತಿಂಗಳು ಕೊಡಬೇಕು. ಆ ಹೊತ್ತಿಗೆ ಒಮ್ಮೆ, ಬಳಿಕ ವರ್ಷಕ್ಕೊಮ್ಮೆ ಪರಿಶೀಲನೆ ಆಗಬೇಕು. ಮೊದಲ ತಿಂಗಳುಗಳಲ್ಲಿ ಅಲ್ಲಲ್ಲಿ ಸ್ರಾವ ಸಾಮಾನ್ಯ. ಆದರೆ ಅದು ಮುಂದುವರಿದರೆ, ಅಥವಾ ಹಾರ್ಮೋನ್ ಬಳಸದ ಯಾವುದೇ ಮಹಿಳೆಗೆ ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ, ಅಲ್ಟ್ರಾಸೌಂಡ್ ಮತ್ತು ಅಗತ್ಯವಿದ್ದರೆ ಒಳಪದರದ ಬಯಾಪ್ಸಿ ಆಗಲೇಬೇಕು.

ಯೋನಿಯ ಶುಷ್ಕತೆ ಮತ್ತು ಮೂತ್ರದ ಉರಿಯನ್ನು ಬೇರೆಯಾಗಿ ನೋಡಬೇಕು, ಏಕೆಂದರೆ ಬಿಸಿಯೇರುವುದು ವರ್ಷಗಳ ನಂತರ ಇಳಿಯಬಹುದು, ಇದು ಚಿಕಿತ್ಸೆ ಇಲ್ಲದೆ ಇಳಿಯುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ. ಮೊದಲು ಮೂತ್ರದ ಕಲ್ಚರ್ ಮಾಡಿಸಿ ಸೋಂಕು ಇಲ್ಲವೆಂದು ತಿಳಿದುಕೊಳ್ಳಿ. ಸೋಂಕಿಲ್ಲದೆ ಉರಿ ಇದ್ದರೆ ಯೋನಿಯೊಳಗೆ ಬಳಸುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಅಥವಾ ಮಾತ್ರೆ ಅತ್ಯುತ್ತಮ ಮದ್ದು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ, ಅದರ ಜೊತೆ ಪ್ರೊಜೆಸ್ಟರಾನ್ ಬೇಕಿಲ್ಲ, ದೀರ್ಘಕಾಲ ಬಳಸಬಹುದು, ಮರುಕಳಿಸುವ ಮೂತ್ರಸೋಂಕನ್ನೂ ಕಡಿಮೆ ಮಾಡುತ್ತದೆ. ಚರ್ಮದ ಜೆಲ್ ಬಳಸುವವರಲ್ಲೂ ಕೆಲವರಿಗೆ ಇದು ಹೆಚ್ಚುವರಿಯಾಗಿ ಬೇಕಾಗುತ್ತದೆ. ನಾಚಿಕೆಯಿಂದ ಈ ಒಂದು ತೊಂದರೆಯನ್ನು ವೈದ್ಯರ ಬಳಿ ಹೇಳದವರೇ ಬಹಳ. ನೀವು ಬರೆದದ್ದು ಒಳ್ಳೆಯದಾಯಿತು.

ಎಲ್ಲ ತಿಳಿದ ಮೇಲೂ ಹಾರ್ಮೋನ್ ಬೇಡವೆನಿಸಿದರೆ ಅದು ನಿಮ್ಮ ಹಕ್ಕು, ಬೇರೆ ದಾರಿಗಳೂ ಇವೆ. ಖಿನ್ನತೆಗೆ ಕೊಡುವ ಕೆಲವು ಔಷಧಗಳು ಕಡಿಮೆ ಪ್ರಮಾಣದಲ್ಲಿ ಬಿಸಿಯೇರುವುದನ್ನು ತಗ್ಗಿಸುತ್ತವೆ; ಪ್ಯಾರಾಕ್ಸೆಟಿನ್ 7.5 ಮಿಲಿಗ್ರಾಂಗೆ ಎಫ್‌ಡಿಎ 2013ರಲ್ಲಿ ಇದೇ ಉದ್ದೇಶಕ್ಕೆ ಅನುಮತಿ ಕೊಟ್ಟಿದೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಮಾತ್ರ ಪ್ಯಾರಾಕ್ಸೆಟಿನ್ ಬೇಡ, ಅವರಿಗೆ ವೆನ್ಲಾಫಾಕ್ಸಿನ್ ಮೇಲು. ರಾತ್ರಿಯ ತೊಂದರೆಯೇ ಹೆಚ್ಚಿದ್ದರೆ ಗ್ಯಾಬಪೆಂಟಿನ್ ಉಪಯುಕ್ತ. ನಾನು ಮೇಲೆ ಹೇಳಿದ ನ್ಯೂರೊಕೈನಿನ್ ಸಂದೇಶವನ್ನೇ ತಡೆಯುವ ಹೊಸ ಔಷಧ ಫೆಜೊಲಿನೆಟಂಟ್‌ಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ವಿರಳವಾಗಿ ಯಕೃತ್ತಿಗೆ ತೀವ್ರ ಹಾನಿ ಆಗಬಹುದೆಂದು 2024ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಸೇರಿಸಲಾಗಿರುವುದರಿಂದ ಶುರು ಮಾಡುವ ಮೊದಲು ಮತ್ತು ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ, ಆಮೇಲೂ ಕೆಲವು ಸಲ ಯಕೃತ್ತಿನ ಪರೀಕ್ಷೆ ಬೇಕು. ಅದೇ ಬಗೆಯ ಎಲಿನ್ಜನೆಟಂಟ್ 2025ರಲ್ಲಿ ಬಂದಿದೆ. ಮಾತುಕತೆಯ ಮೂಲಕ ಯೋಚನೆ, ನಡವಳಿಕೆಗಳನ್ನು ಬದಲಿಸುವ ಅರಿವಿನ ವರ್ತನಾ ಚಿಕಿತ್ಸೆಗೂ (ಸಿಬಿಟಿ) ಒಳ್ಳೆಯ ಆಧಾರವಿದೆ: ಅದರಿಂದ ಬಿಸಿಯೇರುವ ಸಲಗಳ ಎಣಿಕೆ ಅಷ್ಟಾಗಿ ಕಡಿಮೆಯಾಗದಿದ್ದರೂ ಕಾಟ ಕಡಿಮೆಯಾಗುತ್ತದೆ, ನಿದ್ರೆ ಸುಧಾರಿಸುತ್ತದೆ. ತೂಕ ಹೆಚ್ಚಿದ್ದವರು ಇಳಿಸಿದರೆ ಪ್ರಯೋಜನವಿದೆ. ವ್ಯಾಯಾಮ, ಯೋಗ ದೇಹಕ್ಕೂ ಮನಸ್ಸಿಗೂ ಒಳ್ಳೆಯವು, ಆದರೆ ಬಿಸಿಯೇರುವುದನ್ನು ಅವು ನಿಲ್ಲಿಸುತ್ತವೆ ಎನ್ನಲು ಪುರಾವೆ ಸಾಲದು. ಬ್ಲ್ಯಾಕ್ ಕೊಹಾಶ್ ಎಂಬ ಗಿಡಮೂಲಿಕೆ ಮತ್ತು ಸೋಯಾ ಸಾರದ ಮಾತ್ರೆಗಳ ಬಗ್ಗೆಯೂ ಇದೇ ಮಾತು. ಲಾಲಾರಸ ಪರೀಕ್ಷಿಸಿ 'ನಿಮಗಾಗಿಯೇ' ಬೆರೆಸಿಕೊಡುವ ಹಾರ್ಮೋನ್ ಮಿಶ್ರಣಗಳಿಂದ ದೂರವಿರಿ. ಪ್ರಮಾಣ ಖಚಿತವಿಲ್ಲದ ಆ ಮಿಶ್ರಣಗಳಿಗೆ ವಿಮೆಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಈಗ ವಿಮೆಯ ಮಾತು. ಋತುಬಂಧ ಕಾಯಿಲೆಯಲ್ಲ ಎಂಬ ಮಾತನ್ನು ನಾವು ವೈದ್ಯರೇ ರೋಗಿಗಳಿಗೆ ಧೈರ್ಯ ಹೇಳಲು ಬಳಸುತ್ತೇವೆ; ಅದೇ ಮಾತು ಕ್ಲೇಮ್ ತಿರಸ್ಕಾರದ ಪತ್ರದಲ್ಲಿ ಬಂದಾಗ ಅರ್ಥ ಬೇರೆಯಾಗುತ್ತದೆ. ನಿಮಗೆ ಚಿಕಿತ್ಸೆ ಬೇಕಾಗಿರುವುದು ವಯಸ್ಸಿಗಲ್ಲ, ಹೆಸರಿಟ್ಟು ಗುರುತಿಸಬಹುದಾದ ಲಕ್ಷಣಗಳಿಗೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇವಕ್ಕೆಲ್ಲ ಸಂಕೇತಗಳಿವೆ, ಅದೂ ಮೂತ್ರ ಮತ್ತು ಜನನಾಂಗಗಳ ಕಾಯಿಲೆಗಳ ಅಧ್ಯಾಯದಲ್ಲಿ: ಋತುಬಂಧದ ಬಿಸಿಯೇರುವಿಕೆ, ನಿದ್ರಾಹೀನತೆಯಂಥ ಲಕ್ಷಣಗಳಿಗೆ ಎನ್95.1, ಋತುಬಂಧದ ನಂತರ ಯೋನಿಯ ಒಳಪದರ ತೆಳುವಾಗಿ ಉರಿಯೂತವಾಗುವುದಕ್ಕೆ ಎನ್95.2, ಋತುಬಂಧದ ನಂತರದ ರಕ್ತಸ್ರಾವಕ್ಕೆ ಎನ್95.0. ಚೀಟಿಯ ಮೇಲೆ 'ಋತುಬಂಧ, ಸಲಹೆ ನೀಡಲಾಗಿದೆ' ಎಂದಷ್ಟೇ ಇದ್ದರೆ ಕ್ಲೇಮ್ ಪರಿಶೀಲಿಸುವವರ ಕೈಗೆ ತಿರಸ್ಕಾರದ ಕಾರಣವನ್ನು ನಾವೇ ಕೊಟ್ಟಂತೆ. 'ರಾತ್ರಿ ನಾಲ್ಕೈದು ಸಲ ತೀವ್ರ ಬಿಸಿಯೇರುವಿಕೆ, ಅದರಿಂದ ನಿದ್ರಾಭಂಗ, ದಿನದ ಕೆಲಸಕ್ಕೆ ಅಡ್ಡಿ. ಯೋನಿ ಶುಷ್ಕತೆ, ಮೂತ್ರದ ಉರಿ' ಎಂದು ಸಂಕೇತದೊಡನೆ ಬರೆದಿದ್ದರೆ ಅದೇ ಚಿಕಿತ್ಸೆ ರೋಗಲಕ್ಷಣಕ್ಕೆ ಕೊಟ್ಟ ಚಿಕಿತ್ಸೆ ಆಗುತ್ತದೆ. ಚಿಕಿತ್ಸೆಯ ಆಯ್ಕೆಗೂ ಇದೇ ವಿವರ ಬೇಕು. ಆದ್ದರಿಂದ ಎರಡು ವಾರ ಒಂದು ದಿನಚರಿ ಇಟ್ಟು, ಎಷ್ಟು ಸಲ ಬಿಸಿಯೇರಿತು, ಎಷ್ಟು ಸಲ ಎಚ್ಚರವಾಯಿತು ಎಂದು ಬರೆದು ವೈದ್ಯರಿಗೆ ತೋರಿಸಿ, ಅದು ಅವರ ದಾಖಲೆಗೆ ಸೇರಲಿ.

ಇಷ್ಟೆಲ್ಲ ಸರಿಯಿದ್ದರೂ ನಿಮ್ಮ ಪಾಲಿಸಿ ಯಾವ ಬಗೆಯದು ಎಂಬುದು ಎಲ್ಲಕ್ಕಿಂತ ಮೇಲಿನ ಪ್ರಶ್ನೆ. ಋತುಬಂಧದ ಚಿಕಿತ್ಸೆ ಬಹುತೇಕ ಪೂರ್ತಿ ಹೊರರೋಗಿ ಚಿಕಿತ್ಸೆ: ಸಮಾಲೋಚನೆ, ಪರೀಕ್ಷೆ, ಔಷಧ. ಆಸ್ಪತ್ರೆಗೆ ದಾಖಲಾದ ವೆಚ್ಚವನ್ನು ಮಾತ್ರ ಭರಿಸುವ ಪಾಲಿಸಿ ನಿಮ್ಮದಾಗಿದ್ದರೆ, ಕಾಯಿಲೆಯ ಹೆಸರು ಏನೇ ಇರಲಿ, ಈ ವೆಚ್ಚ ಸಿಗುವುದಿಲ್ಲ, ಮತ್ತು 'ವಯೋಸಹಜ' ಎಂಬ ಕಾರಣವನ್ನು ಎದುರಿಸಿ ಗೆದ್ದರೂ ಕೈಗೆ ಏನೂ ಬಾರದು. ಹಾಗೆಂದು ಪರೀಕ್ಷೆಗಾಗಿ ಒಂದು ರಾತ್ರಿ ದಾಖಲಾಗುವ ಉಪಾಯಕ್ಕೆ ಹೋಗಬೇಡಿ. ಕೇವಲ ಪರೀಕ್ಷೆಗಾಗಿ ಆದ ದಾಖಲಾತಿಯನ್ನು ಹೊರಗಿಡುವ ಷರತ್ತು ಹೆಚ್ಚಿನ ಪಾಲಿಸಿಗಳಲ್ಲಿದೆ. ಹೊರರೋಗಿ ವೆಚ್ಚ ಸೇರಿದ್ದರೆ ಮಾತ್ರ ಮುಂದಿನ ಹೋರಾಟಕ್ಕೆ ಅರ್ಥ. ಆಗ ಪಾಲಿಸಿಯ ಪೂರ್ಣ ಷರತ್ತುಪತ್ರ ತೆಗೆದು, ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿ ಋತುಬಂಧ, ಹಾರ್ಮೋನ್ ಚಿಕಿತ್ಸೆ ಎಂಬ ಪದಗಳು ನಿಜಕ್ಕೂ ಇವೆಯೇ ನೋಡಿ. ಇದ್ದರೆ ವಾದಕ್ಕೆ ಎಡೆ ಕಡಿಮೆ. ಇಲ್ಲದಿದ್ದರೆ ಯಾವ ಷರತ್ತಿನ ಆಧಾರದ ಮೇಲೆ ತಿರಸ್ಕರಿಸಿದಿರಿ ಎಂದು ಷರತ್ತಿನ ಸಂಖ್ಯೆ ಸಹಿತ ಲಿಖಿತವಾಗಿ ಕೇಳಿ. ಸಾರಾಂಶದ ಕರಪತ್ರ, ಏಜೆಂಟರ ಬಾಯಿಮಾತು ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ನಿಮ್ಮ ಕ್ಲೇಮಿನಲ್ಲಿರುವ ನಾಲ್ಕು ವೆಚ್ಚಗಳು ಒಂದೇ ತೂಕದವಲ್ಲ. ಹಾರ್ಮೋನ್ ರಕ್ತಪರೀಕ್ಷೆ 49ರ ವಯಸ್ಸಿನಲ್ಲಿ ವೈದ್ಯಕೀಯವಾಗಿ ಬೇಕಿರಲಿಲ್ಲ. ಅದಕ್ಕೆ ಹಣ ಕೊಡುವುದಿಲ್ಲ ಎಂದರೆ ಅವರ ವಾದ ಗಟ್ಟಿ. ಮೂಳೆ ಸಾಂದ್ರತೆಯ ಸ್ಕ್ಯಾನನ್ನು ಎಲ್ಲ ಮಹಿಳೆಯರಿಗೂ ಶಿಫಾರಸು ಮಾಡುವುದು 65ರ ನಂತರ. ಅದಕ್ಕೂ ಮೊದಲು ಮಾಡಿಸಲು ಅಪಾಯದ ಕಾರಣ ಬೇಕು. ಸಣ್ಣ ಬೀಳುವಿಕೆಗೇ ಮೂಳೆ ಮುರಿದದ್ದು, ಹೆತ್ತವರಿಗೆ ಸೊಂಟದ ಮೂಳೆ ಮುರಿದದ್ದು, ತೀರ ಕಡಿಮೆ ತೂಕ, ಧೂಮಪಾನ, ಸ್ಟೀರಾಯ್ಡ್ ಮಾತ್ರೆಗಳ ದೀರ್ಘ ಬಳಕೆ, ರುಮಟಾಯ್ಡ್ ಸಂಧಿವಾತ, 45ರೊಳಗೆ ಮುಟ್ಟು ನಿಂತದ್ದು ಇಂಥವು. ಅವುಗಳಲ್ಲಿ ಒಂದಿದ್ದರೂ ಅದು ಸ್ಕ್ಯಾನಿನ ಚೀಟಿಯ ಮೇಲೆ ಬರೆದಿರಬೇಕು. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುವುದು ನಿಜ, ಈಸ್ಟ್ರೋಜನ್ ಅದನ್ನು ತಡೆಯುವುದೂ ನಿಜ. ಆದರೆ ಕೀಲುನೋವಿಗೆ ಈ ಸ್ಕ್ಯಾನ್ ಉತ್ತರ ಕೊಡುವುದಿಲ್ಲ, ಏಕೆಂದರೆ ಮೂಳೆ ಟೊಳ್ಳಾದರೂ ಮುರಿಯುವವರೆಗೆ ನೋವು ತರುವುದಿಲ್ಲ. ಆದ್ದರಿಂದ ಮೇಲ್ಮನವಿಯನ್ನು ಸಮಾಲೋಚನೆ ಮತ್ತು ಔಷಧ ಎಂಬ ಬಲವಾದ ಎರಡು ವೆಚ್ಚಗಳ ಮೇಲೆ ನಿಲ್ಲಿಸಿ. ನಾಲ್ಕನ್ನೂ ಒಂದೇ ಗಂಟಿನಲ್ಲಿ ಕಳಿಸಿದರೆ ದುರ್ಬಲವಾದದ್ದರ ಜೊತೆ ಬಲವಾದದ್ದೂ ಬೀಳುತ್ತದೆ.

ಮೇಲ್ಮನವಿಯ ಜೀವಾಳ ವೈದ್ಯರ ಪತ್ರ. ಲಕ್ಷಣ ಯಾವಾಗ ಶುರುವಾಯಿತು, ಎಷ್ಟು ತೀವ್ರ, ಕೆಲಸ ಮತ್ತು ನಿದ್ರೆಯ ಮೇಲೆ ಪರಿಣಾಮವೇನು, ಬೇರೆ ಕಾರಣಗಳನ್ನು ಹೇಗೆ ತಳ್ಳಿಹಾಕಲಾಯಿತು, ರಕ್ತದೊತ್ತಡ ಇರುವುದರಿಂದ ಮಾತ್ರೆಯ ಬದಲು ಜೆಲ್ ಏಕೆ, ಎಷ್ಟು ಕಾಲದ ಚಿಕಿತ್ಸೆ, ಯಾವಾಗ ಪರಿಶೀಲನೆ ಎಂಬುದೆಲ್ಲ ಅದರಲ್ಲಿ ಇರಬೇಕು. ಔಷಧಗಳ ಪಟ್ಟಿ ಇಟ್ಟುಕೊಂಡಿರುವ ವಿಮೆಗಳು ಅಗ್ಗದ ಮಾತ್ರೆಗೆ ಒಪ್ಪಿ ಜೆಲ್ ಅಥವಾ ಪ್ಯಾಚಿಗೆ ಮುಂಗಡ ಅನುಮೋದನೆ ಕೇಳುವುದು, ಫೆಜೊಲಿನೆಟಂಟ್‌ನಂಥ ದುಬಾರಿ ಔಷಧಕ್ಕೆ 'ಮೊದಲು ಬೇರೆಯದನ್ನು ಬಳಸಿ ನೋಡಿ' ಎನ್ನುವುದು ಸಾಮಾನ್ಯ. ಅಲ್ಲಿಯೂ ಈ ಪತ್ರವೇ ಉತ್ತರ. ಮೇಲ್ಮನವಿಗೆ ದಿನಗಳ ಗಡುವು ಇರುತ್ತದೆ, ಅದು ತಿರಸ್ಕಾರದ ಪತ್ರದಲ್ಲೇ ಇರುತ್ತದೆ. ಕಂಪನಿಯ ಒಳಗಿನ ಮರುಪರಿಶೀಲನೆ ಮುಗಿದ ಮೇಲೆ ಹೊರಗಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಅಥವಾ ಸ್ವತಂತ್ರ ಪರಿಶೀಲಕರ ಬಳಿ ಹೋಗುವ ಅವಕಾಶ ಅನೇಕ ದೇಶಗಳಲ್ಲಿದೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಮತ್ತು ಇತ್ತೀಚೆಗೆ ಬದಲಾಗುತ್ತಲೂ ಇವೆ. ಇಂಗ್ಲೆಂಡ್‌ನಲ್ಲಿ 2023ರ ಏಪ್ರಿಲ್‌ನಿಂದ ವರ್ಷಕ್ಕೊಮ್ಮೆ ಒಂದು ಸಣ್ಣ ಶುಲ್ಕ ಕಟ್ಟಿ ಪಟ್ಟಿಯಲ್ಲಿರುವ ಋತುಬಂಧದ ಹಾರ್ಮೋನ್ ಔಷಧಗಳನ್ನೆಲ್ಲ ಪಡೆಯುವ ಪ್ರಮಾಣಪತ್ರ ಜಾರಿಯಲ್ಲಿದೆ. ಆಸ್ಟ್ರೇಲಿಯ 2025ರ ಮಾರ್ಚ್‌ನಲ್ಲಿ ಈಸ್ಟ್ರೋಜನ್ ಜೆಲ್ ಮತ್ತು ಪ್ರೊಜೆಸ್ಟರಾನ್ ಕ್ಯಾಪ್ಸೂಲನ್ನು ಸರ್ಕಾರಿ ಸಬ್ಸಿಡಿಯ ಪಟ್ಟಿಗೆ ಸೇರಿಸಿತು. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ, ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು.

ಹೊಸ ಪಾಲಿಸಿ ಕೊಳ್ಳುವಾಗ ಎಲ್ಲವನ್ನೂ ಹೇಳಲೇಬೇಕು: ರಕ್ತದೊತ್ತಡ, ಋತುಬಂಧದ ಚಿಕಿತ್ಸೆ, ಆದ ಪರೀಕ್ಷೆಗಳು, ಹಿಂದಿನ ಕ್ಲೇಮಿನ ತಿರಸ್ಕಾರವನ್ನು ಕೇಳಿದ್ದರೆ ಅದನ್ನೂ. ಮುಚ್ಚಿಟ್ಟರೆ ಜೆಲ್‌ನ ಸಣ್ಣ ಬಿಲ್ಲಿಗಷ್ಟೇ ತೊಂದರೆಯಾಗುವುದಿಲ್ಲ. ನಾಳೆ ಹೃದಯದ ಅಥವಾ ಗರ್ಭಕೋಶದ ದೊಡ್ಡ ಕ್ಲೇಮ್ ಬಂದಾಗ ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಇಡೀ ಪಾಲಿಸಿ ಬೀಳಬಹುದು. ಗರ್ಭಕೋಶದ ಗಡ್ಡೆ, ಅತಿಸ್ರಾವ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಇವಕ್ಕೆ ನಿರ್ದಿಷ್ಟ ಕಾಯುವ ಅವಧಿ ಇರುವ ಪಾಲಿಸಿಗಳು ಬಹಳ, ಅದನ್ನು ಕೊಳ್ಳುವ ಮೊದಲೇ ನೋಡಿ. ಇನ್ನೊಂದು ಸೂಕ್ಷ್ಮವಿದೆ: ಬಿಸಿಯೇರುವುದಕ್ಕಾಗಿ ಪ್ಯಾರಾಕ್ಸೆಟಿನ್ ಅಥವಾ ವೆನ್ಲಾಫಾಕ್ಸಿನ್ ಬರೆದುಕೊಟ್ಟಿದ್ದರೆ, ಯಾವ ಕಾರಣಕ್ಕೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಅರ್ಜಿ ಪರಿಶೀಲಿಸುವವರು ಅದನ್ನು ಖಿನ್ನತೆಯ ಇತಿಹಾಸವೆಂದು ಓದಿ ಪ್ರೀಮಿಯಂ ಏರಿಸಬಹುದು. ನಿಮಗೆ ನಿಜವಾಗಿಯೂ ಖಿನ್ನತೆ ಇದ್ದರೆ ಅದಕ್ಕೂ ಚಿಕಿತ್ಸೆ ಪಡೆಯಿರಿ, ಅದನ್ನೂ ಹೇಳಿ. ಈ ವಯಸ್ಸಿನಲ್ಲಿ ಅದು ಅಪರೂಪವಲ್ಲ, ಎಲ್ಲ ಸಿಡುಕೂ ಹಾರ್ಮೋನಿನದಲ್ಲ. ಹೊರರೋಗಿ ವೆಚ್ಚಕ್ಕಾಗಿಯೇ ಹೊಸ ಪಾಲಿಸಿ ಕೊಳ್ಳುವ ಯೋಚನೆ ಇದ್ದರೆ, ವರ್ಷಕ್ಕೆ ಅದು ಕೊಡುವ ಮಿತಿ, ಹೆಚ್ಚುವ ಪ್ರೀಮಿಯಂ ಮತ್ತು ನಿಮ್ಮ ಔಷಧದ ವರ್ಷದ ಖರ್ಚು, ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿ. ಅನೇಕರಿಗೆ ಔಷಧವನ್ನು ಕೈಯಿಂದಲೇ ಕೊಂಡು, ವಿಮೆಯನ್ನು ದೊಡ್ಡ ಕಾಯಿಲೆಗೆ ಉಳಿಸಿಕೊಳ್ಳುವುದೇ ಅಗ್ಗವಾಗುತ್ತದೆ. ಹಳೆಯ ಪಾಲಿಸಿಯನ್ನು ಹೊಸದು ಖಚಿತವಾಗಿ ಕೈಗೆ ಬರುವವರೆಗೆ ಬಿಡಬೇಡಿ. ಅದರಲ್ಲಿ ಈಗಾಗಲೇ ಕಳೆದಿರುವ ಕಾಯುವ ಅವಧಿಯೇ ನಿಮ್ಮ ಆಸ್ತಿ.

ಮೇಲ್ಮನವಿಯ ತೀರ್ಮಾನ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಅಷ್ಟರವರೆಗೆ ಚಿಕಿತ್ಸೆಯನ್ನು ಮುಂದೂಡಬೇಡಿ. ಥೈರಾಯ್ಡ್ ಮತ್ತು ಮೂತ್ರದ ಪರೀಕ್ಷೆ ಮುಗಿಸಿ, ಸ್ತನಪರೀಕ್ಷೆ ಮತ್ತು ನಿಮ್ಮ ವಯಸ್ಸಿಗೆ ಸೂಚಿಸುವ ಮ್ಯಾಮೊಗ್ರಾಂ ಬಾಕಿ ಇದ್ದರೆ ಅದನ್ನೂ ಮಾಡಿಸಿ, ಕ್ಯಾಪ್ಸೂಲನ್ನು ದಿನವೂ ತೆಗೆದುಕೊಳ್ಳಬೇಕೇ ತಿಂಗಳಿಗೆ ಕೆಲವು ದಿನವೇ ಎಂದು ವೈದ್ಯರಿಂದ ಸ್ಪಷ್ಟಪಡಿಸಿಕೊಂಡು ಜೆಲ್ ಶುರು ಮಾಡಬಹುದು. ಬಿಲ್ಲುಗಳನ್ನೆಲ್ಲ ತಾರೀಕಿನ ಕ್ರಮದಲ್ಲಿ ಇಟ್ಟುಕೊಳ್ಳಿ. ಮೂರು ತಿಂಗಳ ಪರಿಶೀಲನೆಯಲ್ಲಿ ರಾತ್ರಿ ಏಳುವ ಸಲಗಳು ಎಷ್ಟು ಇಳಿದಿವೆ ಎಂದು ವೈದ್ಯರು ಬರೆದುಕೊಡುವ ಟಿಪ್ಪಣಿಯ ಪ್ರತಿಯನ್ನು ಮೇಲ್ಮನವಿಗೆ ಸೇರಿಸಿ; ಚಿಕಿತ್ಸೆ ಅಗತ್ಯವಿತ್ತು ಎಂಬುದಕ್ಕೆ ಅದು ಕಂಪನಿ ತಳ್ಳಿಹಾಕಲು ಕಷ್ಟವಾಗುವ ದಾಖಲೆ.